ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಓಪನ್ ಸೋರ್ಸ್ ಕಟ್ಟುವ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೆ,

ಯಾರು ಬೇಕಾದರೂ ತೆರೆದು ನೋಡಿ, ತಿದ್ದಿ, ಹಂಚಿಕೊಳ್ಳುವಂತೆ ನೀವು ಬರೆದುಕೊಟ್ಟ ಸಾಫ್ಟ್‌ವೇರ್‌ನಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ. ವಾರವಿಡೀ ಸರ್ವರ್ ನೋಡಿಕೊಳ್ಳುವ ಕೆಲಸ. ಶನಿವಾರ ಮಧ್ಯಾಹ್ನ ನಮ್ಮೂರ ಪ್ರೌಢಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಹೋಗುತ್ತೇನೆ. ಅಲ್ಲಿ ಹದಿನೆಂಟು ಯಂತ್ರಗಳಿವೆ, ಎಲ್ಲದರಲ್ಲೂ ಲಿನಕ್ಸ್ ಎಂಬ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ. ನಿಮ್ಮ ಋಣದಲ್ಲಿರುವವನು ಕೇಳಿಕೊಳ್ಳುವ ಮಾತು ಅಂತಲೇ ಈ ಪತ್ರವನ್ನು ಓದಿ.

ಎರಡು ವರ್ಷದ ಹಿಂದಿನ ಮಾತು. ಫೆಬ್ರವರಿ ತಿಂಗಳು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ಕನ್ನಡ ಮೇಡಂ ಲ್ಯಾಬಿನಲ್ಲಿ ಕೂತು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದರು. ಹಿಂದಿನ ದಿನವಷ್ಟೇ ಯಂತ್ರಗಳು ತಾವಾಗಿಯೇ ಅಪ್‌ಡೇಟ್ ಆಗಿದ್ದವು. ಆಮೇಲೆ ‘ಸೂರ್ಯ’ ಎಂದು ಟೈಪ್ ಮಾಡಿದರೆ ‘ಸೂರ್‌ಯ’ ಎಂದು ಬರತೊಡಗಿತು. ಕಾರ್ಯ, ಧೈರ್ಯ, ಅರ್ಥ, ಹೀಗೆ ಅರ್ಕಾವತ್ತು ಇರುವ ಪದವೆಲ್ಲ ಒಡೆದು ಹೋಗುತ್ತಿತ್ತು. “ಮೊನ್ನೆವರೆಗೂ ಸರಿ ಇತ್ತಲ್ವಾ ಸರ್?” ಎಂದರು ಮೇಡಂ. ನನ್ನ ಬಳಿ ಉತ್ತರ ಇರಲಿಲ್ಲ.

ಹುಡುಕಿದೆ. ಕನ್ನಡ ಟೈಪ್ ಮಾಡಲು ನಾವು ಬಳಸುತ್ತಿದ್ದ ಒಂದು ಸಣ್ಣ ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ತಪ್ಪು ನುಸುಳಿತ್ತು. ಕಟ್ಟುವವರಿಗೂ ಅದು ತಿಳಿದಿತ್ತು. ಎರಡೇ ಸಾಲು ಬದಲಿಸಿ ಸರಿಪಡಿಸಿಯೂ ಇದ್ದರು. ಆದರೆ ಸರಿಪಡಿಸಿದ್ದು ಹೊಸ ಆವೃತ್ತಿಯಲ್ಲಿ ಮಾತ್ರ. ಅದರಲ್ಲಿ ಸೆಟ್ಟಿಂಗ್ಸ್ ಇಡುವ ರೀತಿಯೇ ಬೇರೆ, ಕೀಲಿಮಣೆಯ ಹೆಸರೂ ಬೇರೆ. ಅದಕ್ಕೆ ಬೇಕಾದ ಲೈಬ್ರರಿಗಳು, ಅಂದರೆ ಪೋಷಕ ಪ್ರೋಗ್ರಾಂಗಳು, ನಮ್ಮ ಹಳೆಯ ಯಂತ್ರಗಳಲ್ಲಿ ಇರಲಿಲ್ಲ. ಅಂದರೆ ಎರಡು ಸಾಲಿನ ತಿದ್ದುಪಡಿ ಬೇಕಾದರೆ ಹದಿನೆಂಟು ಯಂತ್ರಗಳ ಆಪರೇಟಿಂಗ್ ಸಿಸ್ಟಂ ಬದಲಿಸಬೇಕು. ಪರೀಕ್ಷೆಗೆ ಉಳಿದಿದ್ದು ಒಂಬತ್ತು ದಿನ.

ಆ ರಾತ್ರಿ ಆ ಎರಡು ಸಾಲನ್ನು ಹಳೆಯ ಸೋರ್ಸ್‌ಗೆ ನಾನೇ ಸೇರಿಸಿದೆ. ಬಿಲ್ಡ್ ಮಾಡಿ, ಮರುದಿನ ಪೆನ್‌ಡ್ರೈವ್ ಹಿಡಿದು ಒಂದೊಂದೇ ಯಂತ್ರಕ್ಕೆ ಹಾಕಿದೆ. ಪ್ರಶ್ನೆಪತ್ರಿಕೆ ಸರಿಯಾಗಿ ಅಚ್ಚಾಯಿತು. ನಮಗೇನೋ ಆಯಿತು, ಇದೇ ಸಾಫ್ಟ್‌ವೇರ್ ಬಳಸುವ ಬೇರೆ ಶಾಲೆಗಳಲ್ಲಿ ಹೀಗೆ ಕೂರುವವರು ಯಾರಿದ್ದಾರೆ ಅನ್ನುವುದು ಮಾತ್ರ ಇವತ್ತಿಗೂ ನನ್ನ ತಲೆಯಲ್ಲಿದೆ.

ನಾನು ಕೇಳುವುದು ಎರಡು ದಿನಾಂಕ. ಹೊಸ ಆವೃತ್ತಿ ಬಿಡುವ ದಿನವೇ ಎರಡನ್ನೂ ಹೇಳಿಬಿಡಿ. ಮುಂದಿನ ಆವೃತ್ತಿ ಯಾವಾಗ ಅನ್ನುವುದು ಒಂದು. ಈಗ ಕೊಟ್ಟಿದ್ದನ್ನು ಎಲ್ಲಿಯವರೆಗೆ ನೋಡಿಕೊಳ್ಳುತ್ತೀರಿ ಅನ್ನುವುದು ಇನ್ನೊಂದು. ಎರಡನೆಯದನ್ನು ಹೇಳುವವರು ಕಡಿಮೆ, ನಮಗೆ ಜಾಸ್ತಿ ಬೇಕಾಗಿರುವುದು ಅದೇ.

ಹಳ್ಳಿಯಿಂದ ಪೇಟೆಗೆ ಬಂದವರು ಬಸ್ಸಿಳಿದ ಕೂಡಲೇ ಕಂಡಕ್ಟರ್ ಹತ್ತಿರ ಕೇಳುವುದು ಒಂದೇ, ವಾಪಸ್ ಹೋಗಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಅದು ಏಳಕ್ಕಿದ್ದರೂ ಸರಿ, ಒಂಬತ್ತಕ್ಕಿದ್ದರೂ ಸರಿ. ಸಂತೆ, ಆಸ್ಪತ್ರೆ, ಕಚೇರಿ ಎಲ್ಲವನ್ನೂ ಆ ಹೊತ್ತಿಗೆ ಹೊಂದಿಸಿಕೊಳ್ಳುತ್ತಾರೆ. ಹೇಳದೆ ಕೇಳದೆ ಬಸ್ಸು ನಿಂತುಹೋದ ದಿನ ಮಾತ್ರ ಮಕ್ಕಳು ಮರಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲೇ ರಾತ್ರಿ ಕಳೆಯಬೇಕಾಗುತ್ತದೆ.

ಮೊದಲು ಬಿಡುಗಡೆಯ ದಿನಾಂಕದ ವಿಚಾರ. ‘ಸಿದ್ಧವಾದಾಗ ಬಿಡುತ್ತೇವೆ’ ಎಂದು ಹೇಳುವ ಪ್ರಾಜೆಕ್ಟ್‌ಗಳು ಬಹಳ. ಅದರ ಹಿಂದಿನ ಪ್ರಾಮಾಣಿಕತೆ ನನಗೆ ಅರ್ಥವಾಗುತ್ತದೆ. ಅರೆಬೆಂದದ್ದನ್ನು ಬಡಿಸಲು ಯಾರಿಗೂ ಮನಸ್ಸಿರುವುದಿಲ್ಲ. ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಈ ದಾರಿಯಲ್ಲಿ ಪಟ್ಟ ಪಾಡನ್ನು ನೋಡಿ. 2.4 ಬಂದದ್ದು 2001ರ ಜನವರಿಯಲ್ಲಿ. 2.6 ಬರುವಷ್ಟರಲ್ಲಿ 2003ರ ಡಿಸೆಂಬರ್ ಆಗಿತ್ತು. ಹೆಚ್ಚುಕಡಿಮೆ ಮೂರು ವರ್ಷ. ಅಷ್ಟು ಕಾಲ ಕಾಯಲು ಯಾರಿಗೆ ಸಾಧ್ಯ? ಕರ್ನಲ್‌ಗೆ ಬೇರೆ ಸಾಫ್ಟ್‌ವೇರ್ ಸೇರಿಸಿ ಪೂರ್ತಿ ಲಿನಕ್ಸ್ ಆಗಿ ಹಂಚುವ ಡಿಸ್ಟ್ರೊ ಕಂಪನಿಗಳು ಅಭಿವೃದ್ಧಿಯಲ್ಲಿದ್ದ 2.5ರಿಂದ ಬೇಕಾದ್ದನ್ನು ಕಿತ್ತು ತಮ್ಮ ತಮ್ಮ 2.4ಕ್ಕೆ ಸೇರಿಸಿಕೊಂಡವು. ಒಂದೊಂದು ಕಂಪನಿಯ ಕರ್ನಲ್ ಒಂದೊಂದು ಥರ ಆಯಿತು.

ಈಗ ಅಲ್ಲಿನ ಕ್ರಮವೇ ಬೇರೆ. ಒಂಬತ್ತು, ಹತ್ತು ವಾರಕ್ಕೊಂದು ಕರ್ನಲ್. ಮೊದಲ ಎರಡು ವಾರ ಹೊಸದನ್ನು ಸೇರಿಸಲು ಬಾಗಿಲು ತೆರೆದಿರುತ್ತದೆ. ಆಮೇಲೆ ಮುಚ್ಚುತ್ತದೆ. ಉಳಿದ ವಾರಗಳಲ್ಲಿ ತಪ್ಪು ತಿದ್ದುವ ಕೆಲಸ ಮಾತ್ರ. ವಾರಕ್ಕೊಂದು ಆರ್‌ಸಿ, ಅಂದರೆ ಪರೀಕ್ಷೆಗೆ ಬಿಡುವ ಕರಡು ಆವೃತ್ತಿ, ಸಾಮಾನ್ಯವಾಗಿ ಏಳರವರೆಗೆ, ಒಮ್ಮೊಮ್ಮೆ ಎಂಟು. ನಿಮ್ಮ ಕೋಡ್ ಈ ಸಲ ಮುಗಿಯಲಿಲ್ಲವೇ? ಚಿಂತೆಯಿಲ್ಲ, ಮುಂದಿನ ಬಾಗಿಲು ಎರಡು ತಿಂಗಳಲ್ಲಿ ತೆರೆಯುತ್ತದೆ. ಇದರಿಂದ ಜನರ ಮೇಲಿನ ಒತ್ತಡ ಎಷ್ಟು ಇಳಿಯುತ್ತದೆ ಯೋಚಿಸಿ. ಮುಂದಿನ ಸಲ ಯಾವಾಗ ಎಂದು ಗೊತ್ತಿಲ್ಲದಿದ್ದರೆ ಎಲ್ಲರೂ ತಮ್ಮ ಅರ್ಧಂಬರ್ಧ ಕೆಲಸವನ್ನು ಈ ಸಲವೇ ತುರುಕಲು ನೋಡುತ್ತಾರೆ. ಆಗ ಬಿಡುಗಡೆ ಇನ್ನೂ ತಡವಾಗುತ್ತದೆ.

ನಮ್ಮ ಕಡೆ ಮದುವೆಯ ಮುಹೂರ್ತ ಇಟ್ಟ ಮೇಲೆ ಹೋಳಿಗೆ ಆಗದಿದ್ದರೆ ಪಾಯಸ ಬಡಿಸುತ್ತಾರೆ. ಹೋಳಿಗೆಗಾಗಿ ಮುಹೂರ್ತ ಮುಂದೆ ಹಾಕಿದವರನ್ನು ನಾನು ಕಂಡಿಲ್ಲ. ಬಿಡುಗಡೆಗೂ ಹಾಗೆಯೇ ದಿನ ಇಡಬಹುದು.

ಲಿನಕ್ಸ್ ಡಿಸ್ಟ್ರೊಗಳಲ್ಲಿ ಒಂದಾದ ಡೆಬಿಯನ್ ಇನ್ನೊಂದು ದಾರಿ ಕಂಡುಕೊಂಡಿದೆ. 2002ರ ಜುಲೈನಲ್ಲಿ 3.0 ಬಿಟ್ಟವರು 3.1 ಬಿಡಲು 2005ರ ಜೂನ್‌ವರೆಗೆ ತೆಗೆದುಕೊಂಡರು. ಅಲ್ಲಿಂದೀಚೆಗೆ ಸುಮಾರು ಎರಡು ವರ್ಷಕ್ಕೊಂದು ಬರುತ್ತಿದೆ. 12ನೆಯದು 2023ರ ಜೂನ್‌ನಲ್ಲಿ, 13ನೆಯದು 2025ರ ಆಗಸ್ಟ್‌ನಲ್ಲಿ ಬಂತು. ಬಿಡುಗಡೆಯನ್ನು ಅವರು ಈಗಲೂ ಸಿದ್ಧವಾದಾಗಲೇ ಮಾಡುತ್ತಾರೆ. ಆದರೆ ಹೊಸ ಬದಲಾವಣೆಗೆ ಬಾಗಿಲು ಹಾಕುವ ದಿನವನ್ನು, ಅಂದರೆ ಫ್ರೀಜ್ ದಿನಾಂಕವನ್ನು ತಿಂಗಳುಗಟ್ಟಲೆ ಮೊದಲೇ ಹೇಳಿಬಿಡುತ್ತಾರೆ. ದಿನಾಂಕಕ್ಕೆ ಕಟ್ಟುಬೀಳಲು ಹೆದರುವವರಿಗೆ ಇದು ಒಳ್ಳೆಯ ನಡುದಾರಿ.

ದಿನಾಂಕ ತಪ್ಪಿದರೂ ಆಕಾಶ ಬೀಳುವುದಿಲ್ಲ. ಉಬುಂಟು ಎಂಬ ಇನ್ನೊಂದು ಡಿಸ್ಟ್ರೊದ 6.06 ಆವೃತ್ತಿ ಮೊದಲು 2006ರ ಏಪ್ರಿಲ್‌ಗೆ ಬರಬೇಕಿತ್ತು. ದೀರ್ಘಕಾಲ ನೋಡಿಕೊಳ್ಳುತ್ತೇವೆಂದು ಹೇಳಿದ ಅವರ ಮೊದಲ ಆವೃತ್ತಿ ಅದು. ಇನ್ನೂ ಹದಗೊಳಿಸಲು ಆರು ವಾರ ಬೇಕು ಎಂದು ಮಾರ್ಚ್‌ನಲ್ಲೇ ತಿಳಿಸಿದರು, ಜೂನ್ 1ಕ್ಕೆ ಬಿಟ್ಟರು. ಮೊದಲೇ ಹೇಳಿದ್ದರಿಂದ ಯಾರಿಗೂ ಮೋಸ ಆಗಲಿಲ್ಲ.

ಇಲ್ಲಿ ಕನ್ನಡದವರಾಗಿ ನಾವು ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ವೇಳಾಪಟ್ಟಿ ಇಲ್ಲದೆ ಎಲ್ಲರಿಗಿಂತ ಮೊದಲು ಪೆಟ್ಟು ತಿನ್ನುವವರು ಅನುವಾದಕರು. ಕನ್ನಡಕ್ಕೆ ತರುವವರು ಬೆರಳೆಣಿಕೆಯಷ್ಟು ಜನ, ಅವರೂ ಕೆಲಸ ಮುಗಿಸಿ ಬಂದು ರಾತ್ರಿ ಕೂರುವವರು. ಪರದೆ ಮೇಲಿನ ‘ಡಿಲೀಟ್ ಫೈಲ್?’ ಎಂಬ ವಾಕ್ಯಕ್ಕೆ ಅವರು ‘ಕಡತ ಅಳಿಸಬೇಕೆ?’ ಎಂದು ಬರೆದಿರುತ್ತಾರೆ. ಬಿಡುಗಡೆಯ ಹಿಂದಿನ ದಿನ ನೀವು ಅದನ್ನು ‘ಡಿಲೀಟ್ ದಿಸ್ ಫೈಲ್?’ ಎಂದು ಬದಲಿಸುತ್ತೀರಿ. ನಿಮಗೆ ಅದು ಒಂದು ಪದ. ಆದರೆ ಮೂಲ ವಾಕ್ಯ ಬದಲಾದ್ದರಿಂದ ಅನುವಾದಗಳನ್ನು ಜೋಡಿಸುವ ಗೆಟ್‌ಟೆಕ್ಸ್ಟ್ ಎಂಬ ಸಾಧನ ಆ ಅನುವಾದವನ್ನು ಅನುಮಾನದ ಪಟ್ಟಿಗೆ ಹಾಕುತ್ತದೆ. ಪರದೆ ಮೇಲೆ ಕನ್ನಡ ಹೋಗಿ ಇಂಗ್ಲಿಷ್ ಬಂದು ಕೂರುತ್ತದೆ. ಲ್ಯಾಬಿನಲ್ಲಿರುವ ಎಂಟನೇ ಕ್ಲಾಸಿನ ಹುಡುಗಿ ಅದನ್ನು ಓದಲಾಗದೆ ಸುಮ್ನೆ ಏನೋ ಒತ್ತಿಬಿಡುತ್ತಾಳೆ.

ಲಿನಕ್ಸ್‌ನಲ್ಲಿ ಪರದೆಯ ಕಿಟಕಿ, ಮೆನುಗಳನ್ನು ಕಟ್ಟುವ ಗ್ನೋಮ್‌ನವರು ಇದಕ್ಕೆ ಬಹಳ ಹಿಂದೆಯೇ ದಾರಿ ಮಾಡಿಕೊಂಡಿದ್ದಾರೆ. ಆರು ತಿಂಗಳಿಗೊಂದು ಬಿಡುಗಡೆ. ಅದಕ್ಕೆ ಕೆಲವು ವಾರ ಮೊದಲು ಸ್ಟ್ರಿಂಗ್ ಫ್ರೀಜ್. ಆಮೇಲೆ ಪರದೆಯ ಒಂದು ಪದ ಬದಲಿಸಬೇಕಾದರೂ ಅನುವಾದಕರ ತಂಡದ ಒಪ್ಪಿಗೆ ಕೇಳಬೇಕು. ಎಷ್ಟು ಮರ್ಯಾದೆಯ ನಿಯಮ! ದೂರದ ಊರಿನಲ್ಲಿ ರಾತ್ರಿ ಕೂತು ಅನುವಾದ ಮಾಡುವ ವ್ಯಕ್ತಿಯ ಸಮಯಕ್ಕೂ ಬೆಲೆ ಇದೆ ಎಂದು ಅದು ಹೇಳುತ್ತದೆ. ನಿಮ್ಮ ಪ್ರಾಜೆಕ್ಟ್ ಎಷ್ಟೇ ಸಣ್ಣದಿರಲಿ, ಎರಡು ವಾರದ ಸ್ಟ್ರಿಂಗ್ ಫ್ರೀಜ್ ಇಡಲು ಖರ್ಚೇನೂ ಇಲ್ಲ.

ಇನ್ನು ಮೇಂಟೆನೆನ್ಸ್ ಬ್ರಾಂಚ್, ಅಂದರೆ ಬಿಟ್ಟ ಆವೃತ್ತಿಯನ್ನು ತಿದ್ದಿಕೊಂಡು ಹೋಗಲು ಇಡುವ ಕೋಡ್‌ನ ಪ್ರತ್ಯೇಕ ಕವಲು. ಮಾಡುವುದು ಸುಲಭ. 2.0 ಬಿಟ್ಟ ದಿನ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಅದರ ಹೆಸರಿನ ಬ್ರಾಂಚ್ ತೆಗೆಯುತ್ತೀರಿ. ಹೊಸ ಯೋಚನೆಗಳೆಲ್ಲ ಮೇನ್ ಎಂಬ ಮುಖ್ಯ ಕವಲಿಗೆ, ಈ ಬ್ರಾಂಚ್‌ಗೆ ತಿದ್ದುಪಡಿ ಮಾತ್ರ. ಕಷ್ಟ ಇರುವುದು ‘ಬೇಡ’ ಅನ್ನುವುದರಲ್ಲಿ. ‘ಚಿಕ್ಕ ಅನುಕೂಲ, ಇದರಲ್ಲೇ ಸೇರಿಸಿಬಿಡೋಣ’ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಒಂದು ಸಲ ಸೇರಿಸಿದರೆ 2.0.1 ಹಾಕಿಕೊಳ್ಳಲು ಜನ ಹೆದರತೊಡಗುತ್ತಾರೆ. ಹೆದರಿದವರು ಸುರಕ್ಷತೆಯ ತಿದ್ದುಪಡಿಯನ್ನೂ ಹಾಕಿಕೊಳ್ಳುವುದಿಲ್ಲ.

ಈ ವಿಷಯದಲ್ಲಿ ನನಗೆ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಡೇಟಾಬೇಸ್ ಮೇಲೆ ತುಂಬಾ ಪ್ರೀತಿ. ವರ್ಷಕ್ಕೊಂದು ದೊಡ್ಡ ಆವೃತ್ತಿ. ಪ್ರತಿಯೊಂದಕ್ಕೂ ಐದು ವರ್ಷದ ಆರೈಕೆ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ನಲ್ಲಿ ತಿದ್ದುಪಡಿಗಳು. ಆ ಚಿಕ್ಕ ಆವೃತ್ತಿಗಳಲ್ಲಿ ಡೇಟಾ ಇಡುವ ರೀತಿ ಬದಲಾಗುವುದಿಲ್ಲ. ಸರ್ವರ್ ನಿಲ್ಲಿಸಿ, ಹೊಸ ಪ್ರೋಗ್ರಾಂ ಹಾಕಿ, ಮತ್ತೆ ಶುರು ಮಾಡಿದರೆ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ನನ್ನ ವರ್ಷದ ಕೆಲಸವನ್ನು ನಾನು ಆ ನಾಲ್ಕು ತಿಂಗಳುಗಳ ಸುತ್ತಲೇ ಜೋಡಿಸಿಕೊಂಡಿದ್ದೇನೆ.

ಅವರೂ ಎಡವಿದ್ದಾರೆ. 2024ರ ನವೆಂಬರ್ 14ರಂದು ಬಿಟ್ಟ ತಿದ್ದುಪಡಿಯಿಂದ ಕೆಲವು ಎಕ್ಸ್‌ಟೆನ್ಶನ್‌ಗಳಿಗೆ, ಅಂದರೆ ಅದಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂಗಳಿಗೆ, ತೊಂದರೆಯಾಯಿತು. ಒಳಗಿನ ಒಂದು ರಚನೆಯ ಅಳತೆ ಬದಲಾಗಿತ್ತು. ಮುಂದಿನ ಫೆಬ್ರವರಿಯವರೆಗೆ ಕಾಯಿಸಲಿಲ್ಲ. ಒಂದೇ ವಾರದಲ್ಲಿ, 21ನೇ ತಾರೀಕು, ಇನ್ನೊಂದು ಬಿಡುಗಡೆ ಮಾಡಿ ಸರಿಪಡಿಸಿದರು. ಹಳೆಯ ಬ್ರಾಂಚ್‌ಗೆ ಮಾಲೀಕರಿದ್ದಾರೆ ಎಂದು ನಂಬಿಕೆ ಬರುವುದು ಇಂಥ ವಾರಗಳಲ್ಲಿ.

ಕರ್ನಲ್‌ನ ಸ್ಟೇಬಲ್ ಬ್ರಾಂಚ್‌ಗಳಿಗೆ ಇರುವ ಒಂದು ನಿಯಮವನ್ನೂ ದಯವಿಟ್ಟು ತೆಗೆದುಕೊಳ್ಳಿ. ತಿದ್ದುಪಡಿ ಮೊದಲು ಮೇನ್‌ಗೆ ಹೋಗಬೇಕು, ಆಮೇಲೆ ಹಳೆಯದಕ್ಕೆ. ಉಲ್ಟಾ ಮಾಡಿದರೆ ಏನಾಗುತ್ತದೆ ಎಂದು ನಾನು ಕೆಲಸದಲ್ಲಿ ಕಣ್ಣಾರೆ ಕಂಡಿದ್ದೇನೆ. ಅವಸರದಲ್ಲಿ ಹಳೆಯದರಲ್ಲಿ ಮಾತ್ರ ತಿದ್ದಿ ಮರೆತುಬಿಡುತ್ತಾರೆ. ಒಂದು ವರ್ಷದ ನಂತರ ಹೊಸ ಆವೃತ್ತಿಗೆ ಹೋದರೆ, ಸತ್ತಿದ್ದ ಬಗ್ ಎದ್ದು ಬಂದು ನಿಂತಿರುತ್ತದೆ. ಅದೇ ನಿಯಮಾವಳಿಯಲ್ಲಿ ಪ್ಯಾಚ್, ಅಂದರೆ ಒಂದು ತಿದ್ದುಪಡಿ, ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು ಅಂತಲೂ ಇದೆ. ಚಿಕ್ಕದಾಗಿದ್ದರೆ ಓದಿ ನೋಡಲು ಆಗುತ್ತದೆ ಅನ್ನುವುದೇ ಅದರ ಲಾಭ.

‘ಹಳೆಯದನ್ನು ಯಾಕೆ ಎಳೆದಾಡಬೇಕು, ಎಲ್ಲರೂ ಹೊಸದಕ್ಕೆ ಬರಲಿ’ ಎನ್ನುವ ಗೆಳೆಯರೂ ಇದ್ದಾರೆ. ಅವರಿಗೆ 2024ರ ಮಾರ್ಚ್ ನೆನಪಿಸುತ್ತೇನೆ. ಎಕ್ಸ್‌ಜೆಡ್ ಎಂಬ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1ರಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲು ಇಟ್ಟಿದ್ದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್‌ಗೆ ದೂರದ ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅದರ ಬೆನ್ನು ಹತ್ತಿ ಹೋಗಿ ಮಾರ್ಚ್ 29ರಂದು ಎಲ್ಲವನ್ನೂ ಬಯಲು ಮಾಡಿದರು. ಆಗ ಡೆಬಿಯನ್‌ನಲ್ಲಿ ಇನ್ನೂ ತಯಾರಾಗುತ್ತಿರುವ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್‌ಗೆ ಅದು ಬಂದಾಗಿತ್ತು. ಬಿಡುಗಡೆಯಾದ ಸ್ಟೇಬಲ್‌ಗೆ ಬಂದಿರಲಿಲ್ಲ. ಅಲ್ಲಿ ಹಳೆಯ ಆವೃತ್ತಿಯೇ ಇತ್ತು. ನನ್ನ ಸರ್ವರ್‌ಗಳೆಲ್ಲ ಸ್ಟೇಬಲ್‌ನಲ್ಲಿದ್ದವು. ಅಂದು ರಾತ್ರಿ ನಾನು ನಿದ್ದೆ ಮಾಡಿದ್ದು ನಿಧಾನವಾಗಿ ನಡೆಯುವವರ ಪುಣ್ಯದಿಂದ.

ಅದೇ ಕಥೆಗೆ ಇನ್ನೊಂದು ಮುಖ ಇದೆ. ನನಗೆ ಜಾಸ್ತಿ ಕಾಡಿದ್ದು ಅದು. ಎಕ್ಸ್‌ಜೆಡ್ ನೋಡಿಕೊಳ್ಳುತ್ತಿದ್ದವರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ. ಬಿಡುಗಡೆ ತಡವಾಗುತ್ತಿದೆ, ಪ್ಯಾಚ್ ನೋಡುತ್ತಿಲ್ಲ, ಬೇರೆಯವರಿಗೆ ಕೊಡಿ ಎಂದು 2022ರಲ್ಲಿ ಅವರ ಮೇಲೆ ಒತ್ತಡದ ಮೇಲೆ ಒತ್ತಡ ಬಂತು. ದಣಿದಿದ್ದ ಅವರು ‘ಸಹಾಯಕ್ಕೆ ಬಂದವರ’ ಕೈಗೆ ಕೀಲಿ ಕೊಟ್ಟರು. ಆದ್ದರಿಂದ ವೇಳಾಪಟ್ಟಿ ಕೇಳುವಾಗ ನಾನು ನಿಮ್ಮನ್ನು ದುಡಿಸಿಕೊಳ್ಳಲು ಕೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನಿಮ್ಮ ಶಕ್ತಿಗೆ ತಕ್ಕ ದಿನಾಂಕ ಹೇಳಿ. ‘ನಾನು ಒಬ್ಬನೇ ಇದ್ದೇನೆ, ವರ್ಷಕ್ಕೆ ಒಂದೇ ಬಿಡುಗಡೆ, ಹಳೆಯದಕ್ಕೆ ಆರು ತಿಂಗಳು ಮಾತ್ರ’ ಎಂದರೂ ನಮಗೆ ಸಾಕು. ಸಂಜೆ ಆರಕ್ಕೇ ಕೊನೆಯ ಬಸ್ಸು ಎಂದರೆ ನಾವು ಐದೂವರೆಗೆ ಬಂದು ನಿಲ್ಲುತ್ತೇವೆ.

ಕೊಟ್ಟ ಮಾತನ್ನು ಮಾತ್ರ ಮಧ್ಯದಲ್ಲಿ ಮುರಿಯಬೇಡಿ. ಸೆಂಟ್‌ಒಎಸ್ ಎಂಬ ಡಿಸ್ಟ್ರೊದ 8ನೇ ಆವೃತ್ತಿ ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ. 2029ರವರೆಗೆ ಇರುತ್ತದೆ ಎಂದು ನಂಬಿ ಲೆಕ್ಕವಿಲ್ಲದಷ್ಟು ಜನ ಹಾಕಿಕೊಂಡರು. 2020ರ ಡಿಸೆಂಬರ್‌ನಲ್ಲಿ, ಅದು 2021ರ ಡಿಸೆಂಬರ್ 31ಕ್ಕೇ ಮುಗಿಯುತ್ತದೆ ಎಂದು ಪ್ರಕಟವಾಯಿತು. ಎಂಟು ವರ್ಷದ ದಾರಿ ಒಂದು ವರ್ಷಕ್ಕೆ ಇಳಿಯಿತು. ಅದಕ್ಕಿಂತ ಹಳೆಯ ಸೆಂಟ್‌ಒಎಸ್ 7 ಮಾತ್ರ ಹೇಳಿದಂತೆ 2024ರ ಜೂನ್ 30ರವರೆಗೆ ನಡೆಯಿತು. ಅಂದರೆ ಹಳೆಯದರಲ್ಲೇ ಉಳಿದವರು ನಿಶ್ಚಿಂತೆಯಾಗಿದ್ದರು, ಮುಂದೆ ಹೆಜ್ಜೆ ಇಟ್ಟವರು ಬೀದಿಗೆ ಬಿದ್ದರು. ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಎಂಬ ಡಿಸ್ಟ್ರೊಗಳು ಹುಟ್ಟಿದ್ದು ಆ ನೋವಿನಿಂದಲೇ.

ಇದರ ಪಕ್ಕದಲ್ಲಿ ಕರ್ನಲ್‌ನವರನ್ನು ಇಟ್ಟು ನೋಡಿ. ಕೆಲವು ಕರ್ನಲ್‌ಗಳನ್ನು ಆರು ವರ್ಷ ನೋಡಿಕೊಳ್ಳುವ ಪದ್ಧತಿ 2017ರಲ್ಲಿ ಶುರುವಾಗಿತ್ತು. ಅದು ಮಾಡುವವರಿಗೆ ಭಾರ, ಬಳಸುವವರೂ ಕಡಿಮೆ ಎಂದು 2023ರಲ್ಲಿ ಎರಡು ವರ್ಷಕ್ಕೆ ಇಳಿಸುವ ಮಾತು ಹೊರಬಂತು. ಆದರೆ ಆಗಲೇ ಆರು ವರ್ಷ ಎಂದು ಹೇಳಿಯಾಗಿದ್ದ 4.19ನ್ನು ಅರ್ಧಕ್ಕೆ ಬಿಡಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಹುಟ್ಟಿದ ಆ ಕರ್ನಲ್‌ಗೆ 2024ರ ಡಿಸೆಂಬರ್‌ನಲ್ಲಿ ಕೊನೆಯ ತಿದ್ದುಪಡಿ ಕೊಟ್ಟು ಕೈಮುಗಿದರು. ಅದರ ಸಂಖ್ಯೆ 4.19.325. ಒಂದೇ ಬ್ರಾಂಚ್‌ನಲ್ಲಿ ಮುನ್ನೂರ ಇಪ್ಪತ್ತೈದು ಸಲ! ಮುಂದಿನದಕ್ಕೆ ಅವಧಿ ಕಡಿಮೆ ಮಾಡಿ, ತಕರಾರಿಲ್ಲ. ಆಗಲೇ ಕೊಟ್ಟಿದ್ದನ್ನು ಉಳಿಸಿಕೊಳ್ಳಿ.

ದಿನಾಂಕವನ್ನು ಹಿಗ್ಗಿಸುವುದೂ ಯಾವಾಗಲೂ ಉಪಕಾರವಲ್ಲ ಅಂತ ನನ್ನ ಅನುಭವ. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್‌ನ 2.7 ಆವೃತ್ತಿ ಮೊದಲು 2015ಕ್ಕೆ ಮುಗಿಯಬೇಕಿತ್ತು. ಅದನ್ನು 2020ಕ್ಕೆ ಮುಂದೂಡಿದರು. ನಾನಿದ್ದ ಕಡೆ ಆ ಐದು ವರ್ಷದಲ್ಲಿ ಮೊದಲ ನಾಲ್ಕು ವರ್ಷ ಯಾರೂ ಒಂದು ಫೈಲ್ ಕೂಡ ಮುಟ್ಟಲಿಲ್ಲ. ಇದರಲ್ಲಿ ನಮ್ಮ, ಅಂದರೆ ಬಳಸುವವರ ತಪ್ಪೇ ದೊಡ್ಡದು. ಒಪ್ಪಿಕೊಳ್ಳುತ್ತೇನೆ.

ಬೆಂಗಳೂರಿನ ಕಂಪನಿಗಳಲ್ಲಿ ತೀರ್ಮಾನ ತೆಗೆದುಕೊಳ್ಳುವ ಸ್ಥಾನದಲ್ಲಿರುವವರಿಗೂ ಇಲ್ಲಿ ಒಂದು ಮಾತು. ಹಳೆಯ ಬ್ರಾಂಚ್ ಅತಿ ಹೆಚ್ಚು ಬೇಕಾಗಿರುವುದು ನಿಮಗೇ. ಹೊಸ ಫೀಚರ್ ಬರೆಯಲು ಹುಡುಗರು ಉತ್ಸಾಹದಿಂದ ಬರುತ್ತಾರೆ. ನಾಲ್ಕು ವರ್ಷ ಹಳೆಯ ಕೋಡ್‌ಗೆ ಪ್ಯಾಚ್ ಹೊಂದಿಸುವ ಕೆಲಸಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಡೆಬಿಯನ್‌ನಲ್ಲಿ ಮೂರು ವರ್ಷದ ನಂತರದ ಎರಡು ವರ್ಷದ ಆರೈಕೆ ನಡೆಯುತ್ತಿರುವುದು ಬಹುಪಾಲು ಕಂಪನಿಗಳು ಕೊಡುವ ಹಣದಿಂದ. ಆ ದಾರಿ ನಿಮಗೂ ತೆರೆದಿದೆ. ಹಣ ಕೊಡಲು ಆಗದಿದ್ದರೆ ನಿಮ್ಮ ಒಬ್ಬ ಇಂಜಿನಿಯರ್‌ಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಿ. ನೀವು ಒಳಗೊಳಗೇ ಮಾಡಿಕೊಂಡಿರುವ ಬ್ಯಾಕ್‌ಪೋರ್ಟ್‌ಗಳನ್ನು, ಅಂದರೆ ಹಳೆಯ ಆವೃತ್ತಿಗೆ ಹೊಂದಿಸಿದ ತಿದ್ದುಪಡಿಗಳನ್ನು, ಪ್ರಾಜೆಕ್ಟ್‌ಗೆ ಮರಳಿ ಕಳಿಸಿ. ಒಂದೇ ತಿದ್ದುಪಡಿಯನ್ನು ಹತ್ತು ಕಂಪನಿಯಲ್ಲಿ ಹತ್ತು ಜನ ಬೇರೆ ಬೇರೆಯಾಗಿ ಮಾಡುವುದು ಎಷ್ಟು ವ್ಯರ್ಥ ಅಲ್ವಾ?

ಕನ್ನಡದ ಫಾಂಟ್, ಕೀಲಿಮಣೆ, ಪದಪರೀಕ್ಷಕ ಕಟ್ಟುತ್ತಿರುವ ಗೆಳೆಯರಿಗೆ ಬೇರೆಯಾಗಿಯೇ ಕೇಳುತ್ತೇನೆ. ನೀವು ಒಬ್ಬರೋ ಇಬ್ಬರೋ ಇರುತ್ತೀರಿ. ಐದು ಬ್ರಾಂಚ್ ಬೇಡ. ಮೇನ್ ಒಂದು, ಅದರ ಹಿಂದಿನ ಆವೃತ್ತಿಗೆ ಒಂದು, ಅಷ್ಟು ಸಾಕು. ಸಾಫ್ಟ್‌ವೇರ್ ಜೊತೆಗಿನ ರೀಡ್‌ಮಿ ಫೈಲ್‌ನಲ್ಲಿ ಎರಡು ಸಾಲು ಬರೆಯಿರಿ: ಮುಂದಿನ ಬಿಡುಗಡೆ ಈ ತಿಂಗಳು, ಈ ಆವೃತ್ತಿಗೆ ತಿದ್ದುಪಡಿ ಈ ದಿನದವರೆಗೆ. ಹಳೆಯದಕ್ಕೆ ಏನೇನು ಬರುತ್ತದೆ ಎಂದೂ ಒಂದು ಸಾಲು ಇರಲಿ. ಸುರಕ್ಷತೆಯ ತಪ್ಪು, ಡೇಟಾ ಹಾಳುಮಾಡುವ ತಪ್ಪು, ಅಕ್ಷರ ಒಡೆಯುವ ತಪ್ಪು ಇಷ್ಟಕ್ಕೇ ಎಂದು ಹೇಳಿದರೆ ಯಾರೂ ಬೇರೆಯದನ್ನು ಒತ್ತಾಯಿಸುವುದಿಲ್ಲ. ಮುಗಿಸುವ ಮೂರು ತಿಂಗಳು ಮೊದಲು ಇನ್ನೊಮ್ಮೆ ನೆನಪಿಸಿ.

ದಿನ ಆರಿಸುವಾಗ ನಮ್ಮ ಶಾಲೆಗಳ ಪಂಚಾಂಗವನ್ನೂ ಒಮ್ಮೆ ನೋಡಿ. ಜನವರಿಯಿಂದ ಮಾರ್ಚ್ ಕೊನೆಯವರೆಗೆ ಪರೀಕ್ಷೆಗಳ ಕಾಲ. ಆಗ ಲ್ಯಾಬಿನಲ್ಲಿ ಯಾರೂ ಏನನ್ನೂ ಮುಟ್ಟುವಂತಿಲ್ಲ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಹದಿನೆಂಟು ಯಂತ್ರ ಬಿಚ್ಚಿ ಹೊಸದಾಗಿ ಹಾಕಲು ವರ್ಷದಲ್ಲಿ ನನಗೆ ಸಿಗುವುದು ಆ ಒಂದೇ ಅವಕಾಶ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಉಬುಂಟು ಎಲ್‌ಟಿಎಸ್ ಅನ್ನು, ಅಂದರೆ ಅವರು ದೀರ್ಘಕಾಲ ನೋಡಿಕೊಳ್ಳುವ ಆವೃತ್ತಿಯನ್ನು, ನಾನು ಆ ಬೇಸಿಗೆಯಲ್ಲಿ ಎರಡೇ ಯಂತ್ರಕ್ಕೆ ಹಾಕುತ್ತೇನೆ. ಒಂದು ವರ್ಷ ಮಕ್ಕಳು ಅದನ್ನು ಗುದ್ದಾಡಿ ನೋಡುತ್ತಾರೆ. ಮುಂದಿನ ಬೇಸಿಗೆಯಲ್ಲಿ ಉಳಿದ ಹದಿನಾರಕ್ಕೂ ಹಾಕುತ್ತೇನೆ. ಐದು ವರ್ಷ ನೋಡಿಕೊಳ್ಳುತ್ತೇವೆ ಎಂದು ಅವರು ಮೊದಲ ದಿನವೇ ಹೇಳಿರುವುದರಿಂದ ನನಗೆ ಒಂದು ವರ್ಷ ಕಾಯುವ ಧೈರ್ಯ ಬರುತ್ತದೆ.

ನನ್ನ ಕಡೆಯಿಂದ ಏನು ಕೊಡಬಲ್ಲೆ ಎಂದೂ ಹೇಳಬೇಕು. ಲ್ಯಾಬಿನ ಮೂಲೆಯಲ್ಲಿ ಮೂರು ಹಳೆಯ ಯಂತ್ರಗಳನ್ನು ಎತ್ತಿಟ್ಟಿದ್ದೇನೆ. ಒಂದರಲ್ಲಿ 4 ಜಿಬಿ ರ‍್ಯಾಮ್, ಉಳಿದ ಎರಡರಲ್ಲಿ ಎರಡೆರಡೇ. ಕನ್ನಡದ ಯಾವುದೇ ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಹಳೆಯ ಬ್ರಾಂಚ್‌ಗೆ ತಿದ್ದುಪಡಿ ಬಿಡುವ ಮೊದಲು ನಾನು ಅವುಗಳ ಮೇಲೆ ಹಾಕಿ ಪರೀಕ್ಷಿಸಿ ಕೊಡುತ್ತೇನೆ. ಅರ್ಕಾವತ್ತು, ಒತ್ತಕ್ಷರ, ದೀರ್ಘ, ವಿಸರ್ಗ ಎಲ್ಲ ಸೇರಿಸಿ ಕನ್ನಡ ಮೇಡಂ ಇನ್ನೂರು ಪದಗಳ ಪಟ್ಟಿ ಮಾಡಿಕೊಟ್ಟಿದ್ದಾರೆ. ಮೊದಲ ಪದ ‘ಸೂರ್ಯ’. ಶುಕ್ರವಾರ ರಾತ್ರಿಯೊಳಗೆ ಕಳಿಸಿದರೆ ಶನಿವಾರ ಸಂಜೆಗೆ ಉತ್ತರ ಕೊಡುತ್ತೇನೆ.

ಇಂತಿ ನಿಮ್ಮ ಪ್ರೀತಿಯ,
ಶನಿವಾರದ ಲ್ಯಾಬ್ ನೋಡಿಕೊಳ್ಳುವವನು